ಉಪ್ಪಿಲ್ಲದ ಹುಳಿ

ನ್ಯೂರೆಂಬರ್ಗ್
೨೪ ಜುಲೈ ೨೦೨೫

ಅಮ್ಮ,

ಅಲ್ಲಿ ಎಲ್ಲ ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಿಲ್ಲ ಎಂಬುದನ್ನು ಕಣ್ಣಾರೆ ನೋಡಿಯೇ ಸೋಮವಾರ ಹ್ಯಾನೋವರ್‌ನಲ್ಲಿ ರೈಲು ಹತ್ತಿದೆ.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನ್ ಯಾವಾಗಲೂ ಸ್ಪೀಕರ್‌ನಲ್ಲಿರುತ್ತದೆ, ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ನೀನು ಊಟ ಆಯ್ತಾ, ಅಲ್ಲಿ ಬಿಸಿಲಾ ಎಂದು ಕೇಳುವುದರೊಳಗೆ ಮಾತು ಮುಗಿದಿರುತ್ತದೆ. ಮೇಲಾಗಿ ಸಿಟ್ಟು ಬಂದರೆ ನನ್ನ ಬಾಯಲ್ಲಿ ಇಂಗ್ಲಿಷ್ ಬರುತ್ತದೆ. ನೀನು "ಕಾನ್ವೆಂಟ್ ಶುರುವಾಯ್ತು" ಅಂತ ಎದ್ದು ಅಡುಗೆಮನೆಗೆ ಹೋಗುತ್ತೀಯ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪತ್ರವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದರೂ ಅದು ಅಲ್ಲೇ ಕಾದಿರುತ್ತದೆ.

ಸೋಮವಾರ ಬೆಳಿಗ್ಗೆ ಅಪ್ಪನ ಜೊತೆ ನಾನೂ ಡಾಕ್ಟರ ಹತ್ತಿರ ಬರುತ್ತೇನೆ ಎಂದಾಗ ನಿನ್ನ ಮುಖ ಯಾಕೆ ಹಾಗಾಯಿತು ಎಂಬುದು ಅಲ್ಲಿ ಕೂತ ಮೇಲೆ ತಿಳಿಯಿತು. ನಾನು ಮಗಳು ಎಂದ ಕೂಡಲೇ ಆ ಡಾಕ್ಟರಮ್ಮ ನನಗೆ ಎಲ್ಲ ಗೊತ್ತಿದೆ ಅಂದುಕೊಂಡು ಮಾತಾಡತೊಡಗಿದರು. ಲಿವರ್ ಸಿರೋಸಿಸ್. ಫೆಬ್ರವರಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದು ಗ್ಯಾಸಿಗಲ್ಲ, ಹೊಟ್ಟೆಯಲ್ಲಿ ತುಂಬಿದ ನೀರು ತೆಗೆಯುವುದಕ್ಕೆ. ಅವರು ಸಿರೋಸಿಸ್, ಸಿರೋಸಿಸ್ ಎನ್ನುತ್ತಿದ್ದರು, ನಾನು ಗೊತ್ತಿದ್ದವಳಂತೆ ತಲೆಯಾಡಿಸುತ್ತಿದ್ದೆ. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ನೀನು ನನ್ನನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದೆ.

ಡಾಕ್ಟರ್ ಹೇಳಿದ್ದನ್ನು ನಾನು ನಿನಗೆ ಅಲ್ಲೇ ಕನ್ನಡದಲ್ಲಿ ಹೇಳಿದೆ. ಮತ್ತೆ ಬರೆಯುತ್ತೇನೆ. ಇದು ಕುಡಿತದಿಂದ ಬಂದದ್ದಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ, ಲಿವರ್‌ನಲ್ಲಿ ಸೇರಿದ ಕೊಬ್ಬು, ಅದೇ ನಿಧಾನವಾಗಿ ಗಟ್ಟಿಯಾಗಿದೆ. ವಾಪಸ್ ಮೊದಲಿನಂತೆ ಆಗುವುದಿಲ್ಲ. ಇನ್ನು ನಮ್ಮ ಕೈಯಲ್ಲಿರುವುದು ಉಪ್ಪು ಕಡಿಮೆ ಮಾಡುವುದು, ಮೈಯ ಶಕ್ತಿ ಉಳಿಸುವುದು. ಅವರು ಹಸಿದಿರಬಾರದು. ಲಿವರ್ ಇಷ್ಟು ಕೆಟ್ಟವರಿಗೆ ಒಂದು ರಾತ್ರಿಯ ಹಸಿವೇ ಬೇರೆಯವರ ಎರಡು ಮೂರು ದಿನದ ಉಪವಾಸಕ್ಕೆ ಸಮ. ಆಗ ದೇಹ ತನ್ನ ಮಾಂಸವನ್ನೇ ತಿನ್ನುತ್ತದೆ. ಬೇಳೆ, ಹಾಲು, ಮೊಸರು, ಪನೀರ್ ದಿನಾ ಬೇಕು, ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು. ನೀನು ಎಲ್ಲದಕ್ಕೂ ಜರ್ಮನ್‌ನಲ್ಲಿ "ಯಾ, ಯಾ" ಎಂದೆ.

ಮನೆಗೆ ಬಂದ ಮೇಲೆ ನೀನು ಒಲೆ ಹಚ್ಚಲಿಲ್ಲ. ಅವತ್ತು ಏಕಾದಶಿ.

ನಾನು ಕೂಗಾಡಿದ್ದು ತಪ್ಪು, ಒಪ್ಪುತ್ತೇನೆ. ಅಪ್ಪನ ತೋಳು ನೋಡಿದ್ದೀಯಾ ಅಮ್ಮ? ಅಂಗಿಯ ತೋಳಿನೊಳಗೆ ಏನೂ ಇಲ್ಲ. ಹೊಟ್ಟೆ ಮಾತ್ರ ಮುಂದಿದೆ. ಅದಕ್ಕೂ ಮುಂಚಿನ ಎರಡು ದಿನವೂ ನೀನು ಬಡಿಸಿದ್ದು ಗಂಜಿ, ತಿಳಿ ಸಾರು. ಸಂಹಿತಾ ರೈಲಿನಲ್ಲಿ ಜರ್ಮನ್‌ನಲ್ಲಿ ನನ್ನನ್ನು ಕೇಳಿದಳು, ತಾತನಿಗೆ ಯಾಕೆ ಊಟ ಕೊಡುವುದಿಲ್ಲ ಅಂತ. ಹದಿನೈದು ವರ್ಷದ ನನ್ನ ಮಗಳಿಗೆ ಕಂಡದ್ದು ನಿನಗೆ ಕಾಣಲಿಲ್ಲವೇ?

ನನ್ನನ್ನೂ ಕೇಳಿಕೊಳ್ಳುತ್ತಿದ್ದೇನೆ. ಈ ಸಿಟ್ಟು ಅವರಿಗೆ ಕಾಯಿಲೆ ಅಂತಲೋ, ಇಷ್ಟು ತಿಂಗಳು ನನಗೆ ಹೇಳಲಿಲ್ಲ ಅಂತಲೋ? ಎರಡನೆಯದಾದರೆ ಅದು ನನ್ನ ಸಣ್ಣತನ. ಆದರೂ ಉತ್ತರ ಬೇಕು.

ಸುರಭಿ


ಹ್ಯಾನೋವರ್
೮ ಆಗಸ್ಟ್

ಚಿ. ಸುರಭಿಗೆ,

ನೀನು ಕೇಳದಿದ್ದರೂ ಆಶೀರ್ವಾದ ಇದ್ದೇ ಇರುತ್ತೆ. ಪತ್ರ ಬಂತು. ಬೈಯೋಕೆ ಕೂತರೆ ನಿನಗೂ ಒಳ್ಳೇ ಕನ್ನಡ ಬರುತ್ತೆ ಅಂತ ಗೊತ್ತಾಯ್ತು.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀಯ. ಕೇಳು. ಫೆಬ್ರವರಿಯಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದ. ದಿನಾ ಎಷ್ಟು ಬಿಯರ್ ಕುಡೀತೀರಿ ಅಂತ ಕೇಳಿದ. ಇವರು ಕುಡಿಯಲ್ಲ ಅಂದರು. ಹೋಗಿ ಏನೋ ನೋಡಿ ಬಂದು ಮತ್ತೆ ಕೇಳಿದ. ಮೂರನೇ ಸಲ ನನ್ನನ್ನ ಹೊರಗೆ ಕಳಿಸಿ ಕೇಳಿದ, ಹೆಂಡತಿ ಎದುರಿಗೆ ನಾಚಿಕೆ ಇರಬಹುದು ಅಂತ. ನಿಮ್ಮಪ್ಪ ಯಾರು ಅಂತ ನಿನಗೆ ಗೊತ್ತು. ಇಷ್ಟು ವರ್ಷ ಈ ದೇಶದಲ್ಲಿದ್ದು, ಯಾರ ಮನೇಲಿ ಕೇಕು ಕೊಟ್ಟರೂ ರಮ್ ಹಾಕಿದ್ದೀರಾ ಅಂತ ಕೇಳದೆ ಬಾಯಿಗಿಡದವರು. ಅವರ ಇಲಾಖೆಯವರೆಲ್ಲ ಅದಕ್ಕೇ ತಮಾಷೆ ಮಾಡೋರು. ಆ ದಿನ ನಾನು ಒಳಗೆ ಹೋದಾಗ ಗೋಡೆ ಕಡೆ ತಿರುಗಿ ಮಲಗಿದ್ದರು. ಯಾರಿಗೂ ಹೇಳಬೇಡ ಉಷಾ ಅಂದರು. ಅಷ್ಟೇ ಅಂದಿದ್ದು.

ನಮ್ಮ ಕನ್ನಡದವರೇನು ಕಡಿಮೆಯಾ? ಮಹಾಲಿಂಗಪ್ಪನವರು ಇವರಿಗೆ ಎಷ್ಟು ಹಳೇ ಸ್ನೇಹಿತರು. ಹೋದ ವರ್ಷ ಯಾರಿಗೋ ಲಿವರ್ ಹೋಯಿತು ಅಂತ ಸುದ್ದಿ ಬಂದಾಗ "ಲಿವರ್ ಅಂದಮೇಲೆ ಗೊತ್ತಲ್ಲ ರಾಯರೇ" ಅಂತ ಹೆಬ್ಬೆರಳು ಬಾಯಿಗೆ ಇಟ್ಟು ತೋರಿಸಿದರು. ನಿಮ್ಮಪ್ಪನೂ ನಕ್ಕಿದ್ದರು. ಈಗ ಹೋಗಿ ನನ್ನ ಗಂಡನಿಗೂ ಅದೇ ಅಂತ ಹೇಳಲಾ? ಹೊಟ್ಟೆ ಸರಿಯಿಲ್ಲ ಅಂದೆ. ಸುಳ್ಳೇನಲ್ಲ, ಲಿವರ್ ಇರೋದೂ ಹೊಟ್ಟೆಯಲ್ಲೇ.

ಇನ್ನು ಗಂಜಿ. ನಮ್ಮ ತೌರಲ್ಲಿ ಕಾಮಾಲೆ ಆದವರಿಗೆ ಜಿಡ್ಡಿಲ್ಲ, ಬೇಳೆಯಿಲ್ಲ, ಹಗುರವಾದ ಪಥ್ಯ. ಅದನ್ನು ಮಾಡಿ ನಮ್ಮಮ್ಮ ಎಷ್ಟು ಜನರನ್ನ ಎಬ್ಬಿಸಿ ಕೂರಿಸಿದಳು. ನನಗೆ ಗೊತ್ತಿರೋದು ಅದು. ಆ ಡಾಕ್ಟರಮ್ಮ ಕಾಯಿಲೆಯವರಿಗೆ ಚೀಸ್ ತಿನ್ನಿಸು ಅಂತಾಳೆ.

ಏಕಾದಶಿ ವಿಷಯ ನೀನು ಮಾತಾಡಬೇಡ. ಅವತ್ತು ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ಹರಕೆ ಹೊತ್ತುಕೊಂಡೆ. ಇವರು ಎದ್ದು ಮನೆಗೆ ಬಂದರೆ ಈ ವರ್ಷ ಚಾತುರ್ಮಾಸ್ಯ ಪೂರ್ತಿ ಮಾಡಿಸ್ತೀನಿ ಅಂತ. ಮೊದಲ ತಿಂಗಳು ತರಕಾರಿ ಬಿಡೋದು, ಆಮೇಲೆ ಮೊಸರು, ಆಮೇಲೆ ಹಾಲು, ಕೊನೇಲಿ ಬೇಳೆಕಾಳು. ಏಕಾದಶಿಗೆ ನೀರೂ ಇಲ್ಲ. ಇಲ್ಲಿಗೆ ಬಂದ ಮೇಲೆ ಇದೆಲ್ಲ ಬಿಟ್ಟಿದ್ದೆವು. ಬಿಟ್ಟಿದ್ದಕ್ಕೇ ಹೀಗಾಯ್ತೇನೋ. ಇವರು ಎದ್ದು ಬಂದರಲ್ಲ? ಬಂದರು ತಾನೇ? ಅವರೂ ಒಂದು ಮಾತು ಆಡದೆ ನಡೆಸ್ತಿದ್ದಾರೆ.

ಯುಗಾದಿಗೆ ಬರ್ತೀನಿ ಅಂದವಳು ಬರಲಿಲ್ಲ. ಬಂದಿದ್ದರೆ ಆವಾಗಲೇ ಎಲ್ಲ ಕಾಣ್ತಿತ್ತು.

ನಿನ್ನ ಅಮ್ಮ


ನ್ಯೂರೆಂಬರ್ಗ್
೭ ಸೆಪ್ಟೆಂಬರ್

ಅಮ್ಮ,

ಯುಗಾದಿಗೆ ಬರಲಿಲ್ಲ. ಅದನ್ನು ನೀನು ಹೇಳಿದ್ದು ಸರಿಯಾಗಿಯೇ ತಾಗಿದೆ. ಆದರೆ ಅದು ನಿನ್ನ ಗಂಜಿಗೆ ಉತ್ತರವಲ್ಲ.

ಆಗಸ್ಟಿನಲ್ಲಿ ನಾನು ಫೋನ್ ಮಾಡಿ ಡಾಕ್ಟರ್ ಹೇಳಿದ ಕ್ವಾರ್ಕ್ ಕೊಡು, ಪ್ರತಿ ಅಂಗಡಿಯಲ್ಲೂ ಸಿಗುತ್ತದೆ, ಒಂದು ಬಟ್ಟಲು ಸಾಕು ಎಂದೆ. ನೀನು, ಕ್ವಾರ್ಕ್ ಅಂದರೆ ಗಟ್ಟಿ ಮೊಸರು, ಇದು ಮೊಸರು ಬಿಡುವ ತಿಂಗಳು, ಆಗೋದಿಲ್ಲ ಎಂದೆ. ಸರಿ ಎಂದು ಕಾದೆ. ಮೊನ್ನೆ ಮೊಸರಿನ ತಿಂಗಳು ಮುಗಿಯಿತು, ಈಗ ಕೊಡು ಎಂದರೆ ನೀನು, ಅದನ್ನು ಹಾಲು ಒಡೆಸಿ ಮಾಡುತ್ತಾರೆ, ಇದು ಹಾಲಿನ ತಿಂಗಳು ಎಂದೆ. ಆಗಸ್ಟಿನಲ್ಲಿ ಮೊಸರಾಗಿದ್ದ ಕ್ವಾರ್ಕ್ ಸೆಪ್ಟೆಂಬರಿನಲ್ಲಿ ಹಾಲು ಹೇಗಾಯಿತು? ಮುಂದಿನ ತಿಂಗಳು ಅದನ್ನು ಬೇಳೆ ಅನ್ನುತ್ತೀಯಾ?

ನಿಮ್ಮ ಕನ್ನಡ ಸಂಘದ ಪವಿ ಒಂದು ಫೋಟೋ ಕಳಿಸಿದ್ದಳು, ಅಲ್ಲಿಯ ಕೃಷ್ಣಾಷ್ಟಮಿಯದ್ದು. ಅಪ್ಪ ಕುರ್ಚಿಯಲ್ಲಿ ಕೂತಿದ್ದಾರೆ, ಕೈಯಲ್ಲಿ ತಟ್ಟೆ ಇಲ್ಲ. "ಅಂಕಲ್ ಎಷ್ಟು ಸ್ಟ್ರಿಕ್ಟ್! ಈ ವಯಸ್ಸಿನಲ್ಲೂ ಚಾತುರ್ಮಾಸ್ಯ, ನಮಗೆಲ್ಲ ಇನ್ಸ್ಪಿರೇಷನ್" ಎಂದು ಬರೆದಿದ್ದಳು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಪ್ಪನ ಕಾಲಿಗೆ ಬೀಳಿಸಿದರಂತೆ. ಹಸಿವಿನಿಂದ ಕರಗುತ್ತಿರುವ ಮನುಷ್ಯನಿಗೆ ನಮಸ್ಕಾರ ಮಾಡಿಸಿದ್ದಾರೆ. ನೀನು ಹತ್ತಿರವೇ ನಿಂತಿದ್ದೆ. ನಗುತ್ತಿದ್ದೆ.

ನೀನು ಬಚ್ಚಿಟ್ಟ ಕಾಯಿಲೆಗೆ ವ್ರತ ಒಳ್ಳೆಯ ಮುಸುಕಾಯಿತು. ಸೊರಗಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಹೊಗಳುತ್ತಾರೆ.

ಅಪ್ಪನಿಗೆ ಬೇರೆ ಬರೆಯುತ್ತಿದ್ದೇನೆ. ಅದನ್ನು ಓದಬೇಡ.

ಸುರಭಿ


ನ್ಯೂರೆಂಬರ್ಗ್
೯ ಸೆಪ್ಟೆಂಬರ್

ಅಪ್ಪ,

ನಿಮಗೆ ಪತ್ರ ಬರೆದು ಎಷ್ಟು ವರ್ಷವಾಯಿತೋ. ನೀವು ಹ್ಯಾನೋವರ್‌ಗೆ ಬಂದ ಹೊಸದರಲ್ಲಿ ಮೈಸೂರಿನ ಹಾಸ್ಟೆಲ್‌ನಿಂದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ.

ಅಮ್ಮನ ಮೇಲೆ ಕೂಗಾಡಿದ್ದೇನೆ. ಆದರೆ ಯೋಚಿಸಿದಷ್ಟೂ ನನ್ನ ಸಿಟ್ಟು ನಿಮ್ಮ ಕಡೆ ತಿರುಗುತ್ತಿದೆ. ಅಮ್ಮನಿಗೆ ತಿಳಿದಿರುವುದು ಅವಳಮ್ಮನ ಪಥ್ಯ. ನಿಮಗೆ ಏನು ತಿಳಿದಿಲ್ಲ? ಜೀವನವಿಡೀ ಮಣ್ಣಿನ ರಸಾಯನಶಾಸ್ತ್ರ ಮಾಡಿದವರು. ಸಾರವಿಲ್ಲದ ನೆಲದಲ್ಲಿ ಬೆಳೆ ಏನಾಗುತ್ತದೆ ಅಂತ ನೂರಾರು ಹುಡುಗರಿಗೆ ಕಲಿಸಿದಿರಿ. ಡಾಕ್ಟರ್ ಹೇಳಿದ ಒಂದೊಂದು ಮಾತೂ ನಿಮಗೆ ನನಗಿಂತ ಚೆನ್ನಾಗಿ ಅರ್ಥವಾಗಿದೆ. ಹರಕೆಯಲ್ಲಿ ನಿಮಗೆ ನಂಬಿಕೆ ಇಲ್ಲ ಎಂದೂ ನನಗೆ ಗೊತ್ತು. ಜನಿವಾರದ ಹಬ್ಬದ ದಿನ ಪ್ರಯೋಗಾಲಯದಲ್ಲಿ ಇರುತ್ತಿದ್ದವರು ನೀವು.

ಹಾಗಿದ್ದೂ ಆ ಗಂಜಿ ಯಾಕೆ ಕುಡಿಯುತ್ತಿದ್ದೀರಿ? ಬೇಡ ಎಂದು ಒಂದು ಮಾತು ಹೇಳಲು ಏನು ಕಷ್ಟ? ಇದು ಬದುಕುವುದು ಸಾಕಾಗಿರುವವರ ಮೌನವಾದರೆ ಹಾಗಂತ ಹೇಳಿ. ತಿಳಿದುಕೊಳ್ಳುವ ಹಕ್ಕು ನನಗಿದೆ. ಇದೆ ಅಂದುಕೊಂಡಿದ್ದೇನೆ.

ಸುರಭಿ


ಹ್ಯಾನೋವರ್
೨೦ ಸೆಪ್ಟೆಂಬರ್

ಸುರಭಿ,

ನಿನ್ನ ಪತ್ರವನ್ನು ನಿನ್ನಮ್ಮ ನೋಡಿಲ್ಲ. ಕೆಳಗಿಳಿದು ಟಪಾಲು ತರುವುದು ಈಗ ನನಗೆ ಉಳಿದಿರುವ ಏಕೈಕ ಹುದ್ದೆ. ಅದನ್ನು ನಿಷ್ಠೆಯಿಂದ ಮಾಡುತ್ತಿದ್ದೇನೆ.

ಬದುಕು ಸಾಕಾಗಿಲ್ಲ. ಹುಳಿಯನ್ನ ತಿನ್ನಬೇಕೆಂದು ದಿನಾ ಆಸೆಯಾಗುತ್ತದೆ, ಅದು ಒಳ್ಳೆಯ ಲಕ್ಷಣ ತಾನೇ.

ಕೈ ಸ್ವಲ್ಪ ನಡುಗುತ್ತದೆ, ಅಕ್ಷರ ಕ್ಷಮಿಸು. ಕೆಲವು ಸಲ ಮಾತಿನ ಮಧ್ಯೆ ಏನು ಹೇಳುತ್ತಿದ್ದೆ ಎನ್ನುವುದೇ ಮರೆಯುತ್ತದೆ. ಇದು ಲಿವರಿನದೇ ಇನ್ನೊಂದು ಆಟ ಎಂದು ಓದಿಕೊಂಡಿದ್ದೇನೆ. ಆದ್ದರಿಂದ ತಲೆ ತಿಳಿಯಾಗಿರುವಾಗಲೇ ಬರೆಯುತ್ತೇನೆ.

ಕಾರಿಡಾರಿನಲ್ಲಿ ಉಷಾ ಆ ಹರಕೆ ಹೊತ್ತಾಗ ಅವಳ ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಭಾಷೆ ಸರಿಯಾಗಿ ಬರುವುದಿಲ್ಲ, ಡಾಕ್ಟರು ಅವಳನ್ನು ಹೊರಗೆ ಕಳಿಸಿದ್ದ. ನಾನು ಉಳಿದೆ. ತನ್ನ ಹರಕೆಯಿಂದ ಉಳಿದೆ ಎಂದು ಅವಳು ನಂಬಿದ್ದಾಳೆ. ಈಗ ನಾನು ವ್ರತ ಮುರಿದೆ ಅಂದುಕೋ. ಆಮೇಲೆ ನನಗೆ ಏನಾದರೂ ಆಯಿತು, ಆಗಿಯೇ ಆಗುತ್ತದೆ. ವ್ರತ ಕೆಟ್ಟಿದ್ದರಿಂದ, ತಾನು ಮಾತು ಉಳಿಸಿಕೊಳ್ಳದ್ದರಿಂದ ಹೀಗಾಯಿತು ಎಂದು ಅವಳು ಇರುವವರೆಗೂ ಕೊರಗುತ್ತಾಳೆ. ವ್ರತ ನಡೆಸಿದೆ ಅಂದುಕೋ, ಆಗಲೂ ನನಗೆ ಏನಾದರೂ ಆಯಿತು. ಆಗ ತಪ್ಪು ಲಿವರಿನದು. ತೂಕ ಹಾಕಿ ನೋಡಿ ಎರಡನೆಯದನ್ನು ಆರಿಸಿಕೊಂಡಿದ್ದೇನೆ. ಕಾರ್ತಿಕದಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ತಡೆಯುತ್ತೇನೆ ಅನ್ನಿಸುತ್ತದೆ.

ಇದನ್ನು ಅವಳಿಗೆ ಹೇಳಬೇಡ. ಹೇಳಿದರೆ ಇಷ್ಟು ದಿನದ್ದು ದಂಡವಾಗುತ್ತದೆ.

ಶೇಷಗಿರಿ
(ಅಪ್ಪ ಎಂದು ಬರೆಯಬೇಕಿತ್ತು. ರುಜು ಹಾಕುವ ಅಭ್ಯಾಸ.)


ನ್ಯೂರೆಂಬರ್ಗ್
೧೪ ಅಕ್ಟೋಬರ್

ಅಮ್ಮ,

ನಿನ್ನೆ ಆಸ್ಪತ್ರೆಯಿಂದ ಅಪ್ಪನನ್ನು ಮನೆಗೆ ಬಿಟ್ಟು ಬಂದಾಗಿನಿಂದ ನಾನು ಯಾರೊಂದಿಗೂ ಸರಿಯಾಗಿ ಮಾತಾಡಿಲ್ಲ. ಆಫೀಸಿನಲ್ಲಿ ತಲೆನೋವು ಎಂದೆ.

ಅವರು ಟ್ರಾಮ್ ನಿಲ್ದಾಣದಲ್ಲಿ ಕುಸಿದು ಕೂತಿದ್ದನ್ನು ನೀನು ನೋಡಲಿಲ್ಲ, ನಾನೂ ನೋಡಲಿಲ್ಲ. ಕೊನೆಗೆ ಆಂಬ್ಯುಲೆನ್ಸ್ ಕರೆದ ಹೆಂಗಸು ನನಗೆ ಹೇಳಿದ್ದನ್ನು ಅವತ್ತು ನಿನಗೆ ಹೇಳಲಿಲ್ಲ. ಈಗ ಹೇಳುತ್ತೇನೆ. ಅವರು ಬೆಂಚಿನ ಪಕ್ಕ ನೆಲದಲ್ಲಿ ಕೂತು ಏನೋ ತೊದಲುತ್ತಿದ್ದರಂತೆ. ಹೆಸರು ಕೇಳಿದರೆ ಹೇಳಲಾಗಲಿಲ್ಲವಂತೆ. ಎರಡು ಟ್ರಾಮಿನ ಜನ ಅವರನ್ನು ಬಳಸಿ ದಾಟಿ ಹೋದರು. ಕುಡಿದ ಮುದುಕ ಅಂದುಕೊಂಡರು. ಆ ಹೆಂಗಸು ಕೂಡ ಮೊದಲು ಬಗ್ಗಿ ಬಾಯಿ ಮೂಸಿ ನೋಡಿದೆ, ಕ್ಷಮಿಸಿ ಎಂದಳು.

ಯಾವ ಮಾತು ಬರಬಾರದು ಅಂತ ನೀನು ಫೆಬ್ರವರಿಯಿಂದ ಎಲ್ಲರಿಗೂ ಸುಳ್ಳು ಹೇಳಿದೆಯೋ, ಆ ಮಾತು ಬೀದಿಯಲ್ಲೇ ಬಂತು.

ವಾರ್ಡಿನ ಡಾಕ್ಟರ್ ಹೇಳಿದ್ದನ್ನು ನೀನೂ ಕೇಳಿದೆ. ಲಿವರ್ ತೆಗೆಯಲಾರದ ವಿಷ ತಲೆಗೇರಿತ್ತು. ಮೈಯಲ್ಲಿ ಮಾಂಸಖಂಡ ಉಳಿದಿದ್ದರೆ ಅದು ಸ್ವಲ್ಪವನ್ನಾದರೂ ತೆಗೆಯುತ್ತಿತ್ತು. ಉಳಿದಿಲ್ಲ. ಆಮೇಲೆ ಪಥ್ಯದ ವಿಷಯ ಹೇಳಲು ಬಂದ ಹುಡುಗಿ ಮಾಂಸ ತಿನ್ನದಿದ್ದರೆ ಪರವಾಗಿಲ್ಲ, ಬೇಳೆ ಇನ್ನೂ ಒಳ್ಳೆಯದು ಎಂದಳು. ಎಷ್ಟು ಖುಷಿಯಿಂದ ಹೇಳಿದಳು, ನಮಗೆ ಇಷ್ಟವಾಗುವ ಸುದ್ದಿ ತಂದಂತೆ. ನೀನು ನನ್ನ ಕಡೆ ತಿರುಗಿ, "ಈ ತಿಂಗಳು ದ್ವಿದಳ ಇಲ್ಲ ಅಂತ ಹೇಳು ಅವಳಿಗೆ" ಎಂದೆ. ನಾನು ಅನುವಾದ ಮಾಡಲಿಲ್ಲ. ನನ್ನಿಂದ ಆಗಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯಬಾರದು ಎಂದು ಎದ್ದು ಹೋಗಿದ್ದೆ. ಮತ್ತೆ ಬಂದು ಕೂತಿದ್ದೇನೆ. ಅಪ್ಪ ನನಗೆ ಹೇಳಬೇಡ ಅಂದದ್ದನ್ನು ಹೇಳುತ್ತಿದ್ದೇನೆ. ಇದು ಸರಿಯೋ ತಪ್ಪೋ ನಿಜವಾಗಿ ನನಗೆ ಗೊತ್ತಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಬರೆಯುತ್ತಿದ್ದೇನೆಯೇ ಎಂದೂ ಕೇಳಿಕೊಂಡೆ. ಸ್ವಲ್ಪ ಅದೂ ಇದೆ.

ಅಪ್ಪ ಈ ವ್ರತವನ್ನು ದೇವರಿಗೆ ಮಾಡುತ್ತಿಲ್ಲ. ನಿನಗೆ ಮಾಡುತ್ತಿದ್ದಾರೆ. ವ್ರತ ಮುರಿದು ಆಮೇಲೆ ತಮಗೇನಾದರೂ ಆದರೆ ನೀನು ಜೀವನವಿಡೀ ನಿನ್ನನ್ನೇ ದೂರಿಕೊಳ್ಳುತ್ತೀಯ, ಅದರ ಬದಲು ಹಸಿದುಕೊಂಡಿರುತ್ತೇನೆ ಎಂದು ಲೆಕ್ಕ ಹಾಕಿದ್ದಾರೆ. ಹುಳಿಯನ್ನ ತಿನ್ನಬೇಕೆಂದು ದಿನಾ ಆಸೆಯಾಗುತ್ತದಂತೆ. ಇವೆಲ್ಲ ಅವರದೇ ಮಾತು.

ಇನ್ನು ನಿನಗೆ ತೋಚಿದ್ದು ಮಾಡು.

ಸುರಭಿ


ಹ್ಯಾನೋವರ್
೧ ನವೆಂಬರ್

ಸುರಭಿಗೆ,

ನೀನು ನಾಲ್ಕು ಸಲ ಫೋನ್ ಮಾಡಿದೆ. ಬೇಕೂ ಅಂತಲೇ ಎತ್ತಲಿಲ್ಲ. ನನಗೆ ಯಾರ ಮೇಲೆ ಎಷ್ಟು ಸಿಟ್ಟು ಅಂತ ಮೊದಲು ನನಗೇ ಗೊತ್ತಾಗಬೇಕಿತ್ತು.

ನಿನ್ನ ಮೇಲೆ ಇದೆ. ಅಪ್ಪ ನಂಬಿ ಹೇಳಿದ್ದನ್ನ ಕಲ್ಲು ಬೀಸಿದ ಹಾಗೆ ಬೀಸಿದೆ. ಬೀಸಿದ್ದು ಒಳ್ಳೇದಾಯ್ತು, ಆದರೂ ಸಿಟ್ಟಿದೆ. ಆ ಬಿಯರ್ ಡಾಕ್ಟರ್ ಮೇಲೆ ಇದೆ. ಟ್ರಾಮಿನವರ ಮೇಲೆ ಇದೆ. ಆದರೆ ಅದೆಲ್ಲ ಚಿಲ್ಲರೆ.

ನಿಮ್ಮಪ್ಪನ ಮೇಲಿರೋದನ್ನ ಹೇಳೋಕೆ ಈ ಕಾಗದ ಸಾಲದು. ನನ್ನ ಜೊತೆ ಇಷ್ಟು ವರ್ಷ ಸಂಸಾರ ಮಾಡಿ ನನ್ನನ್ನ ಅಷ್ಟೇನಾ ತಿಳ್ಕೊಂಡಿದ್ದು? ಉಷಾ ತಡೆಯೋದಿಲ್ಲ, ಉಷಾಗೆ ಹೇಳಬಾರದು, ಉಷಾ ಕೊರಗ್ತಾಳೆ. ನನ್ನ ಕೈಯಿಂದಲೇ ನನ್ನ ಗಂಡನಿಗೆ ಹಸಿವು ಬಡಿಸೋ ಹಾಗೆ ಮಾಡಿ, ಅದಕ್ಕೆ ನನ್ನ ಮೇಲಿನ ಕರುಣೆ ಅಂತ ಹೆಸರಿಟ್ಟರು. ಒಂದು ದಿನ, "ಉಷಾ, ನನಗೆ ಹಸಿವಾಗ್ತಿದೆ" ಅಂದಿದ್ದರೆ ಸಾಕಿತ್ತು. ದೇವರ ಹತ್ತಿರ ಏನು ಹೇಳಿಕೊಳ್ಳಬೇಕೋ ನಾನು ಹೇಳಿಕೊಳ್ತಿದ್ದೆ. ಅವನು ನನಗೆ ಇವರಿಗಿಂತ ಹಳೇ ಪರಿಚಯ.

ನಿನ್ನ ಪತ್ರ ಬಂದಾಗ ಇವರು ಮಲಗಿದ್ದರು, ನಾನೇ ಟಪಾಲು ತಂದಿದ್ದೆ. ಓದಿ ಮುಗಿಸಿ ಸೀದಾ ಎದ್ದು ತೊಗರಿಬೇಳೆ ಕುಕ್ಕರಿಗೆ ಹಾಕಿದೆ. ದ್ವಿದಳದ ತಿಂಗಳ ನಡುಮಧ್ಯೆ. ಹುಳಿಪುಡಿ ಹುರಿದ ವಾಸನೆಗೆ ಇವರು ತಾವೇ ಎದ್ದು ಬಂದು ಬಾಗಿಲಲ್ಲಿ ನಿಂತರು. ತಟ್ಟೆ ಇಟ್ಟೆ. ಅದನ್ನೇ ನೋಡಿಕೊಂಡು "ವ್ರತ?" ಅಂದರು.

"ಹರಕೆ ಹೊತ್ತವಳು ನಾನು. ಮುರೀತಿರೋಳೂ ನಾನು. ನಿಮ್ಮನ್ನ ಇದರಲ್ಲಿ ಯಾರೂ ಕೇಳಿಲ್ಲ. ಊಟ ಮಾಡಿ" ಅಂದೆ.

ಸುರಭಿ ಹೇಳಿದಳಾ ಅಂದರು. ನಾನು ಇನ್ನೊಂದು ಸೌಟು ಹುಳಿ ಹಾಕಿದೆ. ಆವತ್ತಿಂದ ಮಾತು ಬಿಟ್ಟಿದ್ದೀನಿ. ತಟ್ಟೆ ಇಡ್ತೀನಿ, ತಿಂತಾರೆ, ತೆಗೀತೀನಿ. ಮಲಗೋ ಮುಂಚೆ ಬ್ರೆಡ್ಡು, ಆ ಹಾಳು ಕ್ವಾರ್ಕು. ಅದು ಹಾಲೋ ಮೊಸರೋ ನನಗೆ ಈಗಲೂ ಗೊತ್ತಿಲ್ಲ. ತಿಂದು ಮುಗಿಸೋವರೆಗೂ ಎದುರಿಗೆ ಕೂತಿರ್ತೀನಿ. ಎರಡು ಸಲ ಏನೋ ಹೇಳೋಕೆ ಬಂದರು. ನಾನು ನಲ್ಲಿ ಜೋರಾಗಿ ಬಿಟ್ಟೆ.

ದೀಪಾವಳಿ ಊಟಕ್ಕೆ ಸಂಘಕ್ಕೆ ಹೋಗಿದ್ದೆವು. ಮಹಾಲಿಂಗಪ್ಪನವರು ಎಂದಿನ ಹಾಗೆ, ರಾಯರು ಉಪವಾಸ, ಅವರ ಪಾಲಿನ ಹೋಳಿಗೆ ನನಗೆ ಅಂತ ತಮಾಷೆ ತೆಗೆದರು. ಎಲ್ಲರೂ ನಕ್ಕರು. ನಾನು ಎದ್ದು ನಿಂತೆ. ಯಾವತ್ತೂ ನಾಲ್ಕು ಜನರ ಎದುರು ಬಾಯಿ ಬಿಟ್ಟವಳಲ್ಲ. ಇವರಿಗೆ ಲಿವರ್ ಸಿರೋಸಿಸ್ ಆಗಿದೆ, ಇವರು ಜನ್ಮದಲ್ಲಿ ಒಂದು ತೊಟ್ಟು ಕುಡಿದಿಲ್ಲ, ಕುಡಿಯದವರಿಗೂ ಬರುತ್ತೆ, ಸಕ್ಕರೆ ಕಾಯಿಲೆ ಇರೋರೆಲ್ಲ ಹೋಗಿ ತೋರಿಸಿಕೊಳ್ಳಿ ಅಂದೆ. ಇವರು ಸೊರಗಿದ್ದು ವ್ರತದಿಂದ, ವ್ರತ ಮಾಡಿಸಿದ್ದು ನಾನು, ಇನ್ನು ಮೇಲೆ ಯಾರೂ ಇವರ ಕಾಲಿಗೆ ಬೀಳಬೇಡಿ, ತಟ್ಟೆ ತಂದುಕೊಡಿ ಅಂದೆ. ಮಹಾಲಿಂಗಪ್ಪನವರು ಎದ್ದು ಹೋಗಿ ತಾವೇ ಇವರಿಗೆ ಬಡಿಸಿಕೊಂಡು ಬಂದರು. ಹೋಳಿಗೆ ಬೇಡ, ಸಕ್ಕರೆ ಇದೆ ಅಂತ ಇವರು ಅಂದಿದ್ದಕ್ಕೆ ತಾವೂ ತಿನ್ನಲಿಲ್ಲ. ಅವರಿಗೂ ಸಕ್ಕರೆ ಕಾಯಿಲೆ ಇದೆಯಂತೆ. ಇಷ್ಟು ವರ್ಷದಲ್ಲಿ ಹೇಳಿರಲಿಲ್ಲ.

ಡಾಕ್ಟರಮ್ಮನ ಹತ್ತಿರ ಮೊನ್ನೆ ಹೋಗಿದ್ದೆವು. ತಲೆ ತಿಳಿಯಾಗಿದೆ, ಕೈ ನಡುಕ ಕಡಿಮೆ. ಲಿವರ್ ಇದ್ದ ಹಾಗೇ ಇದೆ, ಅದು ಸರಿಹೋಗಲ್ಲ ಅಂದಳು. ನನಗೆ ಅರ್ಥ ಆಯ್ತು. ಈ ಸಲ ಅರ್ಥ ಆದಮೇಲೇ ಯಾ ಅಂದೆ.

ಇವತ್ತು ಉತ್ಥಾನ ಏಕಾದಶಿ, ಚಾತುರ್ಮಾಸ್ಯದ ಕೊನೇದು. ನಾನು ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲ. ಮುರಿದ ಹರಕೆ ನನ್ನ ತಲೆ ಮೇಲಿದೆ, ಅದನ್ನ ನಾನು ನೋಡ್ಕೊಳ್ತೀನಿ. ಅದರ ಬಗ್ಗೆ ನೀನು ಕಾಗದ ಬರೀಬೇಡ. ನನ್ನ ಲಿವರ್ ಗಟ್ಟಿಯಾಗಿಲ್ಲ.

ಇವರಿಗೆ ಮಧ್ಯಾಹ್ನ ಅನ್ನ ಹುಳಿ ಬಡಿಸಿದೆ. ಡಾಕ್ಟರಮ್ಮ ಹೇಳಿದ ಹಾಗೆ ಉಪ್ಪು ಹಾಕಿಲ್ಲ. ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ನನ್ನ ಮುಖ ನೋಡಿ, ಹೆದರಿ ಹೆದರಿ, "ಉಪ್ಪಿಲ್ಲ" ಅಂದರು.

"ಇಲ್ಲ" ಅಂದೆ.

ಇಷ್ಟು ದಿನದಲ್ಲಿ ನಾನು ಅವರ ಹತ್ತಿರ ಆಡಿದ ಮೊದಲ ಮಾತು ಅದೇ.

ನಿನ್ನ ಅಮ್ಮ